ಕಣ್ಣಾರೆ ನೋಡಿಲ್ರಿ

ಬ್ಯಾಡಗಿಯಲ್ಲಿ, ಮೆಣಸಿನಕಾಯಿ ಪೇಟೆಗೆ ಹೋಗುವ ರಸ್ತೆಯ ತಿರುವಿನಲ್ಲಿ, ನನ್ನ ಮಾವನ ಫ್ಲೆಕ್ಸ್ ಒಂದಿದೆ. ಮುಖ ಅವರದೇ. ಬ್ಯಾಂಕಿನ ಗುರುತಿನ ಚೀಟಿಗೆಂದು ತೆಗೆಸಿದ್ದ ಫೋಟೋದಿಂದ ಕತ್ತರಿಸಿಕೊಂಡದ್ದು. ಎಡಗಣ್ಣು ಅರ್ಧ ಮುಚ್ಚಿದಂತಿದೆ, ಅದರಿಂದಲೇ ನನಗೆ ಗುರುತು. ಕುತ್ತಿಗೆಯಿಂದ ಕೆಳಗೆ ಬೇರೆ ಯಾರೋ. ಅಗಲವಾದ ಎದೆ, ಕೈಯಲ್ಲಿ ಬಂದೂಕು, ಹಿಂದೆ ಹಿಮದ ಬೆಟ್ಟ, ಹೊಗೆ. ಮಾವ ಹಿಮದ ಬೆಟ್ಟದ ಯುದ್ಧಕ್ಕೆ ಹೋದವರೇ ಅಲ್ಲ. ಕೆಳಗೆ ದಪ್ಪ ಅಕ್ಷರದಲ್ಲಿ ‘ಗಂಡೆದೆಯ ವೀರಯೋಧ’ ಎಂದು ಬರೆಸಿದ್ದಾರೆ. ಅದರ ಕೆಳಗೆ ಮೀಸೆ ತಿರುವಿದ ಹುಡುಗರ ಸಣ್ಣ ಸಣ್ಣ ಮುಖಗಳ ಸಾಲು. ಮೊದಲನೆಯದು ನನ್ನ ಗಂಡನಾಗಿದ್ದವನದು.

ಕೆಲಸವಿಲ್ಲದೆ ನಾನು ಆ ಊರಿಗೆ ಹೋಗುವುದಿಲ್ಲ. ಹೋದಾಗ ಅದು ಕಾಣುತ್ತದೆ.

ನನ್ನ ತವರು ಅಗಡಿ. ಬಿ.ಎಡ್. ಮುಗಿಸಿ ಹಾವೇರಿಯ ಒಂದು ಖಾಸಗಿ ಶಾಲೆಗೆ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದ ಕಾಲದಲ್ಲಿ ಸಂಬಂಧ ಬಂತು. ತಂದದ್ದು ನನ್ನ ಅಣ್ಣ. ಹುಡುಗ ಬ್ಯಾಡಗಿಯ ಕೋಲ್ಡ್ ಸ್ಟೋರೇಜೊಂದರಲ್ಲಿ ಸೂಪರ್‌ವೈಸರ್. ತಾಯಿ ಇಲ್ಲ, ತಂದೆ ಮಿಲಿಟರಿಯಲ್ಲಿದ್ದು ಬಂದವರು. “ಮಿಲಿಟರಿ ಮನಿತನ ತಂಗಿ, ಶಿಸ್ತು ಅಂದ್ರ ಶಿಸ್ತು. ಹುಡುಗ ಖರೇ ಗಂಡಸು ಅದಾನ,” ಎಂದು ಅಣ್ಣ ಹೇಳಿದ. ನೋಡಲು ಬಂದ ದಿನ ಹುಡುಗನ ಬೈಕಿನ ಹಿಂದೆ ‘ಯೋಧನ ಮಗ’ ಎಂದು ಬರೆಸಿದ್ದು ಕಂಡೆ. ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಹೆಮ್ಮೆಯೇ ಅನಿಸಿತು.

ಮದುವೆಯಾಗಿ ಹೋದ ಮೇಲೆ ಮಾವನನ್ನು ನೋಡಿದೆ. ಮಿಲಿಟರಿಯವರೆಂದರೆ ನನ್ನ ತಲೆಯಲ್ಲಿದ್ದ ಚಿತ್ರವೇ ಬೇರೆ. ಇವರು ಸಣ್ಣ ಆಳು, ಮೀಸೆಯೂ ಇರಲಿಲ್ಲ. ಸೈನ್ಯದಿಂದ ಬಂದ ಮೇಲೆ ರಾಣೆಬೆನ್ನೂರಿನ ಬ್ಯಾಂಕೊಂದರಲ್ಲಿ ಗಾರ್ಡ್ ಆಗಿದ್ದರು. ಆ ನೌಕರಿಯೂ ಮುಗಿದು ಆಗ ಅದೇ ಊರಿನಲ್ಲಿ ಎಟಿಎಂ ಒಂದನ್ನು ಕಾಯುತ್ತಿದ್ದರು. ಬೆಳಿಗ್ಗೆ ಪ್ಯಾಸೆಂಜರ್ ಗಾಡಿಗೆ ಹೋದರೆ ಸಂಜೆ ಬರುತ್ತಿದ್ದರು. ತಮ್ಮ ಬಟ್ಟೆ ತಾವೇ ಒಗೆದುಕೊಳ್ಳುತ್ತಿದ್ದರು. ಹಾಸಿಗೆ ಮಡಚಿದರೆ ಅಂಚಿಗೆ ಅಂಚು ಕೂಡಿರುತ್ತಿತ್ತು. ನನಗೆ ಮೈ ಸರಿಯಿಲ್ಲದ ದಿನ ಕಣಕ ನಾದಿ ಚಪಾತಿ ಮಾಡಿಟ್ಟೇ ಕೆಲಸಕ್ಕೆ ಹೋಗುತ್ತಿದ್ದರು. ಮಗಳು ಹುಟ್ಟಿದ ಮೇಲೆ ಅವಳ ಹೇಲುಬಟ್ಟೆಗಳನ್ನೂ ನಲ್ಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ತೊಳೆದರು. ಓಣಿಯ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು.

ನನ್ನ ಗಂಡನಿಗೆ ಇದರಿಂದ ಮೈ ಉರಿಯುತ್ತಿತ್ತು. “ಅಪ್ಪಾ, ಮಂದಿ ನೋಡ್ತಾರ. ಹೆಣಮಕ್ಕಳ ಕೆಲಸ ನಿನಗ್ಯಾಕ ಬೇಕು?” ಎನ್ನುತ್ತಿದ್ದ.

“ಮಂದೀಗೆ ನೋಡಾಕ ಬ್ಯಾರೇ ಏನೂ ಇಲ್ಲೇನ?” ಎಂದು ಅವರು ಕೆಲಸ ಮುಂದುವರಿಸುತ್ತಿದ್ದರು.

ಆದರೆ ಅದೇ ಮಗನಿಗೆ ಹೊರಗೆ ಅಪ್ಪನೇ ಬಂಡವಾಳ. ಜಿಮ್ಮಿನಲ್ಲಿ, ಹೋಟೆಲಿನಲ್ಲಿ, ಗಣಪತಿ ಪೆಂಡಾಲಿನಲ್ಲಿ ಅಪ್ಪನ ಯುದ್ಧದ ಕಥೆ ಹೇಳುತ್ತಿದ್ದ. ವರ್ಷದಿಂದ ವರ್ಷಕ್ಕೆ ಕಥೆ ಬೆಳೆಯುತ್ತಿತ್ತು. ಮೊದಲು ಅಪ್ಪ ಒಬ್ಬ ಶತ್ರುವನ್ನು ಹಿಡಿದಿದ್ದ. ಆಮೇಲೆ ಕೊಂದಿದ್ದ. ನಾನು ಮದುವೆಯಾಗಿ ಹೋಗುವ ಹೊತ್ತಿಗೆ ಒಬ್ಬನೇ ತೆವಳಿಕೊಂಡು ಹೋಗಿ ಇಡೀ ಕಂದಕ ಖಾಲಿ ಮಾಡಿದ್ದ. ಮಾವನ ಎದುರಿಗೇ ಯಾರಾದರೂ ಈ ಮಾತು ತೆಗೆದರೆ ಅವರು ಎದ್ದು ಹಿತ್ತಲಿಗೆ ಹೋಗುತ್ತಿದ್ದರು. ಜನ ಅದನ್ನೂ ದೊಡ್ಡತನ ಎಂದೇ ತಿಳಿದರು. ತುಂಬಿದ ಕೊಡ ತುಳುಕೋದಿಲ್ಲ ಎಂದರು. ನಾನೂ ಹಾಗೇ ತಿಳಿದಿದ್ದೆ.

ಒಂದು ಬೇಸಿಗೆ, ವರ್ಷದ ಖಾರಪುಡಿಗೆಂದು ಮೆಣಸಿನಕಾಯಿ ಒಣಗಿಸಿ, ಹಿತ್ತಲಲ್ಲಿ ತೊಟ್ಟು ಬಿಡಿಸುತ್ತ ಕೂತಿದ್ದೆವು, ನಾನೂ ಮಾವನೂ. ಇಬ್ಬರೂ ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದೆವು. ಮುಖ ಅರ್ಧ ಮುಚ್ಚಿದ್ದರಿಂದಲೋ ಏನೋ ಧೈರ್ಯ ಬಂದು ಕೇಳಿದೆ.

“ಮಾವಾರ, ಯುದ್ಧದಾಗ ನೀವು ಖರೇನ ಏನ್ ಮಾಡ್ತಿದ್ರಿ?”

“ಲಾರಿ ಓಡಸ್ತಿದ್ದೆ ಯವ್ವಾ.”

ಬಾಂಗ್ಲಾ ಯುದ್ಧದ ಹೊತ್ತಿಗೆ ಅವರಿಗೆ ಇಪ್ಪತ್ತು ದಾಟಿತ್ತಷ್ಟೆ. ಹೋಗುವಾಗ ಮದ್ದುಗುಂಡು ತುಂಬಿಕೊಂಡು ಹೋಗುವುದು, ಬರುವಾಗ ಗಾಯಗೊಂಡವರನ್ನು ತುಂಬಿಕೊಂಡು ಬರುವುದು. ರಸ್ತೆಯಲ್ಲದ ರಸ್ತೆ, ಕೆಸರು. ಒಂದು ಸಲ ಹಿಂದೆ ಜಾಗವಿಲ್ಲದೆ ಒಬ್ಬನನ್ನು ತಮ್ಮ ಪಕ್ಕದ ಸೀಟಿನಲ್ಲೇ ಒರಗಿಸಿಕೊಂಡರಂತೆ. ಅವನ ಭಾಷೆ ಇವರಿಗೆ ತಿಳಿಯದು, ಇವರದು ಅವನಿಗೆ. ದಾರಿಯುದ್ದಕ್ಕೂ ಅವನು ಇವರ ಅಂಗಿಯ ಚುಂಗು ಹಿಡಿದುಕೊಂಡಿದ್ದನಂತೆ. “ದವಾಖಾನಿ ಮುಟ್ಟಿದ ಮ್ಯಾಲ ನೋಡಿದೆ, ಹೋಗಿಬಿಟ್ಟಿದ್ದ. ಕೈ ಬಿಡಸಾಕ ಬರ್ಲಿಲ್ಲ. ಅಂಗಿ ಗುಂಡಿ ಬಿಚ್ಚಿ ಅಂಗೀನ ಅವನ ಕೈಯಾಗ ಬಿಟ್ಟು ಇಳದೆ,” ಎಂದರು. ಅಂಗಿಯಿಲ್ಲದೆ ನಿಂತದ್ದಕ್ಕೆ ಮೇಲಿನವನೊಬ್ಬ ಬೈದನಂತೆ.

ಅಷ್ಟೆ. ಮತ್ತೆ ತೊಟ್ಟು ಬಿಡಿಸಿದರು. ಸೀನಿದರು. ಕಣ್ಣು ಒರೆಸಿಕೊಂಡರು, ಇಬ್ಬರೂ ಒರೆಸಿಕೊಂಡೆವು, ಮೆಣಸಿನಕಾಯಿಯೇ ಆಗಿರಬಹುದು. ಮದುವೆಯಾದಾಗಿನಿಂದ ನಾನು ಆ ಮನೆಯಲ್ಲಿ ಕೇಳಿದ ಒಂದೇ ನಿಜವಾದ ಕಥೆ ಅದು.

ಅದೇ ಕಥೆ ನನ್ನ ಎಲುಬು ಮುರಿಯಿತು.

ಒಂದು ಭಾನುವಾರ ಮಧ್ಯಾಹ್ನ ಗಂಡನ ಗೆಳೆಯರು ಬಂದಿದ್ದರು. ಮಾವ ಡ್ಯೂಟಿಗೆ ಹೋಗಿದ್ದರು. ನಾಲ್ಕು ವರ್ಷದ ಮಗಳು ಪಕ್ಕದ ಮನೆಯಲ್ಲಿ ಆಡುತ್ತಿದ್ದಳು. ಪಡಸಾಲೆಯಲ್ಲಿ ಮಂಡಕ್ಕಿ ಮಿರ್ಚಿ ನಡೆದಿತ್ತು, ಜೊತೆಗೆ ಕಂದಕದ ಕಥೆ. ನಾನು ಚಹಾ ತಂದಿಟ್ಟೆ. ಅವರಲ್ಲಿ ಹೊಸಬನೊಬ್ಬ, ಒಳ್ಳೆಯವನೇ, ಗೌರವದಿಂದಲೇ ಕೇಳಿದ:

“ವೈನೀ, ಕಾಕಾರು ನಿಮ್ಮ ಮುಂದನೂ ಹೇಳ್ಯಾರೇನ್ರಿ ಇದನ್ನ?”

ನಾನು ಯೋಚಿಸಲಿಲ್ಲ. “ಅವರು ಲಾರಿ ಓಡಸ್ತಿದ್ರಂತ್ರಿ. ಗಾಯ ಆದವರನ್ನ ದವಾಖಾನಿಗೆ ಒಯ್ತಿದ್ರಂತ,” ಎಂದೆ. ಅದು ಕಡಿಮೆ ಮಾತು ಎಂದು ನನಗೆ ಅನಿಸಿಯೇ ಇರಲಿಲ್ಲ.

ಒಬ್ಬ ನಕ್ಕ. “ಏನಲೇ, ನಿಮ್ಮಪ್ಪ ಡ್ರೈವರೇನ?” ಎಂದ. ಉಳಿದವರೂ ನಕ್ಕರು. ನನ್ನ ಗಂಡನೂ ನಕ್ಕ. ಆ ನಗೆ ನೋಡಿದ ಮೇಲೆ ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ಪಾತ್ರೆ ತೊಳೆಯುತ್ತ ನಿಂತೆ.

ಅವರು ಹೋದರು. ಅವನು ಬಾಗಿಲು ಹಾಕಿದ. ಒಳಗಿನ ಗೋಡೆಯ ಮೊಳೆಗೆ ಮಾವನ ಸೈನ್ಯದ ಬೆಲ್ಟು ನೇತುಹಾಕಿತ್ತು, ಹಿತ್ತಾಳೆಯ ಬಕಲಿನದು. ಅದನ್ನೇ ತೆಗೆದುಕೊಂಡ. ಮೊದಲೂ ಕೈ ಮಾಡಿದವನೇ, ಕೆನ್ನೆಗೆ, ಬೆನ್ನಿಗೆ, ಮಾವ ಇಲ್ಲದ ಹೊತ್ತು ನೋಡಿ. ನಾನು ಯಾರಿಗೂ ಹೇಳಿರಲಿಲ್ಲ. ಅವತ್ತು ಮಾತ್ರ ನಿಲ್ಲಲಿಲ್ಲ. “ಡ್ರೈವರಾ? ಡ್ರೈವರಾ?” ಎಂದು ಒಂದೇ ಮಾತು. ತಲೆಗೆ ಬೀಳಬಾರದೆಂದು ಎಡಗೈ ಅಡ್ಡ ಹಿಡಿದೆ. ಬಕಲು ಮುಂಗೈ ಮೇಲೆ ಬಿತ್ತು. ಅದರ ಸಪ್ಪಳ ನನಗೇ ಕೇಳಿಸಿತು.

ಸಂಜೆ ಮಾವ ಬಂದಾಗ ಅವನು ಹೊರಗೆ ಹೋಗಿದ್ದ. ನಾನು ಅಡುಗೆಮನೆಯ ಮೂಲೆಯಲ್ಲಿ ಕೂತಿದ್ದೆ. ಅವರು ಟೋಪಿ ತೆಗೆದಿಟ್ಟರು. ನನ್ನನ್ನು ನೋಡಿದರು, ಖಾಲಿ ಮೊಳೆಯನ್ನು ನೋಡಿದರು. ಬೆಲ್ಟು ನೆಲದ ಮೇಲೆ ಬಿದ್ದಿತ್ತು. ಅದನ್ನೆತ್ತಿ ಚೀಲಕ್ಕೆ ಹಾಕಿಕೊಂಡರು.

“ಏಳ ಯವ್ವಾ, ದವಾಖಾನಿಗೆ ಹೋಗೂಣು.”

ದವಾಖಾನೆಯಲ್ಲಿ ಡಾಕ್ಟರು ಏನಾಯಿತೆಂದು ಕೇಳಿದಾಗ ನಾನು “ಬಚ್ಚಲದಾಗ ಕಾಲು ಜಾರಿ ಬಿದ್ದೇರಿ” ಎಂದೆ. ಎಲ್ಲ ಹೆಂಗಸರೂ ಹೇಳುವ ಮಾತು. ಹಿಂದೆ ನಿಂತಿದ್ದ ಮಾವ, ದನಿ ಏರಿಸದೆ, “ಬಿದ್ದಿಲ್ರಿ. ನನ್ನ ಮಗ ಹೊಡದಾನ. ಹಂಗ ಬರಕೋರಿ,” ಎಂದರು.

ಅಲ್ಲಿಂದ ಠಾಣೆಗೆ ಹೋದೆವು. ಅಲ್ಲಿದ್ದ ವಯಸ್ಸಾದ ಹವಾಲ್ದಾರರು ಕುರ್ಚಿ ಕೊಟ್ಟು, “ಯಜಮಾನ್ರ, ನೀವು ಮಿಲಿಟರಿಯವ್ರು, ಮರ್ಯಾದಸ್ಥರು. ಮನ್ಯಾಗ ಆಗಿದ್ದು ಮನ್ಯಾಗ ಮುಗಿಸ್ಕೋರಿ. ನಾಳೆ ನೀವ ಪಶ್ಚಾತ್ತಾಪ ಪಡ್ತೀರಿ,” ಎಂದರು.

“ಮನ್ಯಾಗ ಮುಗಿಯೂ ಹಂಗಿದ್ರ ಇಲ್ಲೀತನಕ ಬರ್ತಿದ್ದಿಲ್ರಿ,” ಎಂದು ಮಾವ ಚೀಲದಿಂದ ಬೆಲ್ಟು ತೆಗೆದು ಟೇಬಲ್ಲಿನ ಮೇಲಿಟ್ಟರು.

ಕೈಗೆ ಪ್ಲಾಸ್ಟರು ಹಾಕಿಸಿಕೊಂಡು ಮಗಳನ್ನು ಕರೆದುಕೊಂಡು ಅಗಡಿಗೆ ಹೋದೆ. ಅಪ್ಪ ಏನೂ ಹೇಳಲಿಲ್ಲ, ಅವ್ವ ಅತ್ತಳು. ಅಣ್ಣ ಹೇಳಿದ. “ಗಂಡಸು ಅಂದ ಮ್ಯಾಲ ಸಿಟ್ಟು ಇರತೈತಿ ತಂಗಿ. ನಾಕ ಮಂದಿ ಗೆಳ್ಯಾರ ಮುಂದ ಮಾನ ಕಳದಿ, ಅವ ಏನ್ ಮಾಡ್ಬೇಕು? ಕೇಸ್ ವಾಪಸ್ ತಗೊಂಡ್ರ ಕರಕೊಂಡು ಹೋಗ್ತೀನಿ ಅಂದಾನ. ನಾನ ಮಾತಾಡೇನಿ.”

ನಾನು ಹೋಗುವುದಿಲ್ಲ ಎಂದೆ. ಎರಡು ವಾರ ಕಳೆಯುವಷ್ಟರಲ್ಲಿ ಅತ್ತಿಗೆ ನನ್ನ ಮಗಳಿಗೆ ಹಾಲು ಹಾಕುವಾಗ ಲೋಟದ ಅಳತೆ ನೋಡತೊಡಗಿದಳು. ಒಂದು ಮುಂಜಾನೆ ಮಾವ ಅಗಡಿಗೆ ಬಂದರು. ಒಳಗೆ ಕರೆದರೂ ಬರಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಕೂತು, “ಹಾವೇರ್ಯಾಗ ಎರಡ ಖೋಲಿ ನೋಡೇನಿ ಯವ್ವಾ. ನೀ ನಿನ್ನ ಸಾಲಿ ನೌಕರಿ ಮತ್ತ ಹಿಡಿ. ನಾನು ಅಲ್ಲಿಂದನ ರಾಣೆಬೆನ್ನೂರಿಗೆ ಹೋಗಿ ಬರ್ತೀನಿ. ಆ ಮನ್ಯಾಗ ನನಗೂ ಇರಾಕ ಆಗೂದಿಲ್ಲ,” ಎಂದರು. ನಿಜ ಹೇಳಬೇಕೆಂದರೆ ಮಗ ಅವರನ್ನು ಹೊರಗೆ ಹಾಕಿದ್ದ. ಮನೆ ಅವರೇ ಕಟ್ಟಿಸಿದ್ದು. ಅದರ ಮಾತನ್ನು ಅವರು ಎಂದೂ ತೆಗೆಯಲಿಲ್ಲ.

ಹಾಗೆ ಹಾವೇರಿಗೆ ಬಂದೆವು. ಒಂದು ಖೋಲಿಯಲ್ಲಿ ನಾನೂ ಮಗಳೂ, ಹೊರಖೋಲಿಯಲ್ಲಿ ಮಾವ. ಶಾಲೆಯವರು ಮತ್ತೆ ತೆಗೆದುಕೊಂಡರು. ಮಾವ ಗಾಡಿಗೆ ಹೋಗುವ ಮುಂಚೆ ಮೊಮ್ಮಗಳ ತಲೆ ಬಾಚಿ ಎರಡು ಜಡೆ ಹಾಕುತ್ತಿದ್ದರು, ನನಗಿಂತ ಬಿಗಿಯಾಗಿ. ಒಂದೆರಡು ತಿಂಗಳು ನೆಮ್ಮದಿಯಾಗಿಯೇ ಇದ್ದೆವು. ಆಮೇಲೆ ಓಣಿಯಲ್ಲಿ ಮಾತು ಶುರುವಾಯಿತು.

ಮೊದಲು ಮನೆ ಮಾಲಕರ ಹೆಂಡತಿ ಕೇಳಿದಳು, “ನಿಮ್ಮ ಮನಿಯವ್ರು ಬರೂದಿಲ್ಲೇನ್ರಿ? ಬರೇ ಮಾವಾರು?” ಆಮೇಲೆ ಯಾರೂ ಕೇಳಲಿಲ್ಲ. ಕೇಳದಿದ್ದದ್ದೇ ಕೆಟ್ಟದ್ದು. ನಲ್ಲಿಗೆ ಹೋದರೆ ಮಾತು ನಿಲ್ಲುತ್ತಿತ್ತು. ಬ್ಯಾಡಗಿಯಿಂದ ಮಾತು ನಮಗಿಂತ ಮುಂಚೆ ರೈಲು ಹತ್ತಿ ಬಂದಿರಬೇಕು. ಕೊನೆಗೆ ಬಾಯಿ ಬಿಟ್ಟು ಹೇಳಿದವನು ನನ್ನ ಅಣ್ಣ. ಒಂದು ದಿನ ಸಂಜೆ ಬಂದು, ಕುಡಿಯಲು ಕೊಟ್ಟ ನೀರನ್ನೂ ಮುಟ್ಟದೆ, ಮಾವ ಹೊರಖೋಲಿಯಲ್ಲಿ ಕೂತಿರುವಾಗಲೇ ಗಟ್ಟಿಯಾಗಿ ಹೇಳಿದ:

“ಗಂಡನ ಬಿಟ್ಟು ಮಾವನ ಕೂಡ ಸಂಸಾರ ಮಾಡಾಕತ್ತಾಳ ಅಂತಾರ ಊರಾಗ. ನಾನು ಹೆಂಗ ತಲಿ ಎತ್ತಿ ತಿರಗ್ಲಿ?”

ಅಣ್ಣ ಹೋದ. ಮಾವ ಎದ್ದು ಬಂದು ನೀರಿನ ತಂಬಿಗೆ ಒಳಗಿಟ್ಟರು. ಆಮೇಲೆ ತಮ್ಮ ಮಂಚವನ್ನು ಒಂದೊಂದೇ ಕಡೆ ಎತ್ತಿ ಸರಿಸುತ್ತ ಹೊರಗೆ ಒಯ್ದರು. ಮನೆಯ ಮುಂದೆ ತಗಡಿನ ಮಾಡಿನ ಕೆಳಗೆ ಸಣ್ಣದೊಂದು ಕಟ್ಟೆ ಇತ್ತು, ರಸ್ತೆಗೆ ಬಾಯಿ ಮಾಡಿಕೊಂಡು. ಎದುರಿಗೇ ಬೀದಿದೀಪದ ಕಂಬ. ಅಲ್ಲಿ ಮಂಚ ಹಾಕಿದರು.

“ಮಾವಾರ, ಇದೇನ್ರಿ? ಥಂಡಿ ಐತಿ.”

“ದೀಪ ಐತಲ್ಲವಾ. ಹೋಗು ಬರೂ ಮಂದೀಗೆ ನಾ ಕಾಣ್ತೀನಿ. ಒಳಗಿಂದ ಚಿಲಕ ಹಾಕ್ಕೊ.”

ಅಂದಿನಿಂದ ಸಾಯುವವರೆಗೂ ಅವರು ಮಲಗಿದ್ದು ಅಲ್ಲೇ. ಮಳೆಗಾಲದಲ್ಲಿ ಎರಚಲು ಬಡಿದರೆ ಪ್ಲಾಸ್ಟಿಕ್ ಹಾಳೆ ಹೊದ್ದುಕೊಳ್ಳುತ್ತಿದ್ದರು. ಡಿಸೆಂಬರಿನ ಥಂಡಿಯಲ್ಲಿ ಟೋಪಿ, ಮಫ್ಲರ್, ಮೇಲೆ ಎರಡು ಕಂಬಳಿ. ಜಗತ್ತಿಗೆ ತಾನು ನಿರಪರಾಧಿ ಎಂದು ತೋರಿಸಲು ದೇಶಕ್ಕಾಗಿ ಯುದ್ಧಕ್ಕೆ ಹೋಗಿಬಂದ ಮನುಷ್ಯ ಬೀದಿದೀಪದ ಕೆಳಗೆ ಮಲಗಬೇಕಾಯಿತು. ನಾನೂ ಸುಮ್ಮನೆ ಚಿಲಕ ಹಾಕಿಕೊಂಡೆ. ನನಗೂ ಆ ಮನೆ ಬೇಕಿತ್ತು.

ಕೇಸು ಬ್ಯಾಡಗಿಯ ಕೋರ್ಟಿನಲ್ಲಿ ನಡೆಯಿತು. ತಾರೀಕಿನ ಮೇಲೆ ತಾರೀಕು. ಪಕ್ಕದ ಮನೆಯವರು ತಮಗೇನೂ ಕೇಳಿಸಲಿಲ್ಲ ಎಂದರು. ಚಹಾ ಕುಡಿದು ಹೋದ ಗೆಳೆಯರು ಆ ದಿನ ತಾವು ಬಂದೇ ಇಲ್ಲ ಎಂದರು. ನನ್ನ ಅಣ್ಣ ಸಾಕ್ಷಿ ಕಟಕಟೆ ಹತ್ತಿ, ತನ್ನ ತಂಗಿ ಸಣ್ಣವಳಿದ್ದಾಗಿನಿಂದ ಹಟಮಾರಿ ಎಂದು ಹೇಳಿ ಇಳಿದ. ನನ್ನ ಸಾಕ್ಷಿಯನ್ನು ಗಂಡನ ವಕೀಲ, ದವಾಖಾನೆಯಲ್ಲಿ ನಾನೇ ಮೊದಲು ಜಾರಿ ಬಿದ್ದೆ ಎಂದದ್ದನ್ನು ಹಿಡಿದು, ಅಲ್ಲಗಳೆದ. ಉಳಿದದ್ದು ಮಾವನ ಸಾಕ್ಷಿ ಒಂದೇ.

ಅದಕ್ಕೆ ಮುಂಚೆ ನಮ್ಮ ಪರವಾಗಿ ಓಡಾಡುತ್ತಿದ್ದ ವಕೀಲರು ಮಾವನನ್ನು ಕೂರಿಸಿಕೊಂಡು ಬಿಡಿಸಿ ಹೇಳಿದರು. “ಯಜಮಾನ್ರ, ನೀವು ಸ್ವಂತ ಅಪ್ಪ. ನಿಮ್ಮ ಮಾತಿಗೆ ತೂಕ ಐತಿ. ಆದ್ರ ನೀವು ಬಂದಾಗ ಹೊಡದು ಮುಗದಿತ್ತು ಅಂದ್ರ ಕೇಸ್ ಬೀಳ್ತದ. ನೀವು ಬಾಗಲಾ ತೆಗಿಯೂದಕ್ಕೂ ಅವ ಬೆಲ್ಟಲೆ ಹೊಡಿಯೂದಕ್ಕೂ ಸರಿ ಹೋತು ಅಂತ ಒಂದ್ ಮಾತು ಹೇಳಿಬಿಡ್ರಿ. ಸುಳ್ಳೇನ್ ಅಲ್ಲ, ಹೊಡದಿದ್ದಂತೂ ಖರೇ ಐತಿ.”

ಮಾವ ತಲೆ ಅಲ್ಲಾಡಿಸಿದರು. ಹೂಂ ಎಂದೋ ಅಲ್ಲ ಎಂದೋ ನನಗೆ ತಿಳಿಯಲಿಲ್ಲ. ಹೂಂ ಎಂದೇ ಅಂದುಕೊಂಡೆ.

ಸಾಕ್ಷಿಯ ದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದರು. ಮಗ ಎದುರಿಗೇ ನಿಂತಿದ್ದ. ಹಿಂದೆ ಅವನ ಹುಡುಗರು ಬೆಂಚು ತುಂಬ ಕೂತಿದ್ದರು. ಗಂಡನ ಪರ ವಕೀಲ ಎದ್ದು ನಿಂತು ಮೊದಲು ಕೇಳಿದ್ದೇ ಅದು.

“ನಿಮ್ಮ ಮಗ ಹೊಡಿಯೂದನ್ನ ನೀವು ಕಣ್ಣಾರೆ ನೋಡೀರೇನು?”

ನಮ್ಮ ವಕೀಲರು ಮಾವನ ಕಡೆ ನೋಡಿದರು.

“ಇಲ್ರಿ. ಕಣ್ಣಾರೆ ನೋಡಿಲ್ರಿ. ಬಂದಾಗ ಆಕಿ ಕೈ ಮುರದಿತ್ತು, ಬೆಲ್ಟು ನೆಲದ ಮ್ಯಾಲ ಇತ್ತು.”

“ಅಂದ್ರ ಊಹೆ.”

“ನಾನು ಹೆತ್ತ ಮಗಾರಿ ಅವ. ನನಗ ಗೊತ್ತು.”

“ಇರಲಿ. ನೀವು ಯೋಧರು ಅಂತೀರಿ. ಯುದ್ಧದಾಗ ಏನ್ ಮಾಡ್ತಿದ್ರಿ?”

“ಲಾರಿ ಓಡಸ್ತಿದ್ದೆ.”

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಹೆಂಡತಿಯ ಎಲುಬು ಮುರಿದವನೆಂದು ಹೆಸರು ಕರೆದಾಗ ತಗ್ಗದ ನನ್ನ ಗಂಡನ ತಲೆ ಆಗ ತಗ್ಗಿತು. ಅದನ್ನು ನಾನು ನೋಡಿದೆ.

ವಕೀಲನಿಗೆ ಹುರುಪು ಬಂತು. “ನೀವೇನು ಭಾಳ ಸಂಭಾವಿತರು ಅಲ್ರಿ? ನಿಮ್ಮ ಹೆಂಡತಿಗೆ ನೀವು ಎಂದೂ ಕೈ ಮಾಡಿಲ್ಲೇನು?”

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಅತ್ತೆ ಸತ್ತು ಎಷ್ಟೋ ವರ್ಷವಾಗಿತ್ತು. ಕೇಳಲು ಯಾರಿದ್ದರು? ಮಾವ ಕಟಕಟೆಯ ಕಟ್ಟಿಗೆ ಹಿಡಿದರು. ಆಮೇಲೆ ಹೇಳಿದರು:

“ಹೊಡದೇನ್ರಿ. ಒಮ್ಮಿ. ಸೂಟಿ ಮ್ಯಾಲ ಬಂದಾಗ. ಸಣ್ಣ ಮಾತಿಗೆ. ಇವ ಆಗ ಐದಾರು ವರ್ಷದಾವ, ಬಾಗಲದಾಗ ನಿಂತಿದ್ದ. ಅವತ್ತಿಂದ ನಾ ಯಾರಿಗೂ ಕೈ ಎತ್ತಿಲ್ಲ. ಆದ್ರ ಇವ ನೋಡಿದ್ನಲ್ರಿ.”

ವಕೀಲ ನ್ಯಾಯಾಧೀಶರ ಕಡೆ ತಿರುಗಿ ಕೈ ಚೆಲ್ಲಿದ. ಅಷ್ಟೇ ಸಾಕಾಗಿತ್ತು ಅವನಿಗೆ.

ಹಾವೇರಿಗೆ ಮರಳುವ ಬಸ್ಸಿನಲ್ಲಿ ನಾನು ಅವರ ಪಕ್ಕ ಕೂರಲಿಲ್ಲ. ಮನೆಗೆ ಬಂದೂ ಮಾತಾಡಲಿಲ್ಲ. ಊಟಕ್ಕೆ ಬಡಿಸುತ್ತಿದ್ದೆ, ಅಷ್ಟೆ. ಕೆಲವು ದಿನಗಳ ಮೇಲೆ ತಡೆಯಲಾರದೆ ಕೇಳಿಯೇ ಬಿಟ್ಟೆ.

“ಒಂದ ಒಂದು ಸುಳ್ಳು ಹೇಳಿದ್ರ ನಿಮ್ಮದೇನ್ ಹೋಗ್ತಿತ್ರೀ ಮಾವಾರ? ಊರೆಲ್ಲಾ ಸುಳ್ಳು ಹೇಳ್ತು. ನನ್ನ ಸ್ವಂತ ಅಣ್ಣ ಹೇಳಿದ. ನೀವೊಬ್ರು ಹೇಳಿದ್ರ ಆಕಾಶ ಬೀಳ್ತಿತ್ತೇನ್ರಿ? ನಿಮ್ಮ ಸತ್ಯಕ್ಕ ನನ್ನ ಕೈ ಯಾಕ ಲೆಕ್ಕಕ್ಕ ಬರ್ಲಿಲ್ಲ?”

ಅವರು ಮಂಚದ ಮೇಲೆ ಕೂತಿದ್ದರು.

“ನಿನ್ನ ಸಿಟ್ಟು ಖರೇ ಐತಿ ಯವ್ವಾ,” ಎಂದರು. “ಅವ ನನ್ನ ಬಗ್ಗೆ ಸುಳ್ಳು ಹೇಳ್ಕೋತನ ಬೆಳದ. ಕಂದಕ, ಬಂದೂಕು. ನಾನು ಒಮ್ಮಿನೂ ಅಲ್ಲೋ ಅನ್ನಲಿಲ್ಲ, ಎದ್ದು ಹಿತ್ತಲಕ್ಕ ಹೋಗ್ತಿದ್ದೆ. ಸುಮ್ಮನಿರೂದು ದೊಡ್ಡಸ್ತನ ಅಂತ ತಿಳಕೊಂಡಿದ್ದೆ. ಅವತ್ತ ಅವನ ಗೆಳ್ಯಾರ ಮುಂದ ನಾ ಆಡಬೇಕಾದ ಮಾತು ನೀ ಆಡಿದಿ, ಪೆಟ್ಟು ನೀ ತಿಂದಿ. ಇನ್ನೂ ಒಂದ್ ಸುಳ್ಳು ನನ್ನ ಬಾಯಾಗಿಂದ ಬರಲಿಲ್ಲವಾ. ನೀ ನನ್ನ ಮಾಫ್ ಮಾಡಬ್ಯಾಡ.”

ನಾನು ಮಾಫ್ ಮಾಡಲಿಲ್ಲ. ಇವತ್ತಿಗೂ ಒಂದು ದಿನ ಮಾಡುತ್ತೇನೆ, ಇನ್ನೊಂದು ದಿನ ಇಲ್ಲ. ಆಮೇಲೆ ನನಗೆ ಬಹಳ ಜನ ಹೇಳಿದ್ದಾರೆ, ಎಂಥ ಮನುಷ್ಯ, ಎಂಥ ನಿಷ್ಠೆ ಎಂದು. ಹೇಳಿದವರ ಕೈ ಯಾರದ್ದೂ ಮುರಿದಿರಲಿಲ್ಲ. ಆದರೆ ಇದನ್ನೂ ಹೇಳಬೇಕು. ನನ್ನ ಬದುಕಿನಲ್ಲಿ ನಾನು ಕಂಡ ಗಂಡಸರಲ್ಲಿ, ಅಪ್ಪ, ಅಣ್ಣ, ಗಂಡ, ವಕೀಲರು, ‘ತಪ್ಪು ನಂದು’ ಎಂದು ನಾಲ್ಕು ಜನರೆದುರು ಹೇಳಿದವರು ಅವರೊಬ್ಬರೇ. ಅದರಿಂದ ಯಾರಿಗೂ ಏನೂ ಒಳ್ಳೆಯದಾಗಲಿಲ್ಲ.

ಸಂಶಯದ ಲಾಭ ಕೊಟ್ಟು ನನ್ನ ಗಂಡನನ್ನು ಬಿಟ್ಟರು. ಕೋರ್ಟಿನ ಹೊರಗೆ ಅವನ ಹುಡುಗರು ಪಟಾಕಿ ಹಚ್ಚಿದರು. ಆಮೇಲೆ ವಿಚ್ಛೇದನವಾಯಿತು, ಅವನು ಇನ್ನೊಂದು ಮದುವೆಯಾದ. ಪ್ರತಿ ವರ್ಷ ಸ್ವಾತಂತ್ರ್ಯ ದಿನಕ್ಕೆ ಮಾವನನ್ನು ಕರೆದು ಶಾಲು ಹೊದಿಸುತ್ತಿದ್ದ ಬ್ಯಾಡಗಿಯ ಯುವಕ ಸಂಘದವರು ಆ ವರ್ಷದಿಂದ ಕರೆಯುವುದನ್ನು ಬಿಟ್ಟರು. ಸ್ವಂತ ಮಗನನ್ನು ಕೋರ್ಟಿಗೆಳೆದವನು ಎಂಥ ಗಂಡಸು ಎಂದು ಅವರಲ್ಲೊಬ್ಬ ಹೇಳಿದನಂತೆ. ಮಾವ ಆ ದಿನ ಮೊಮ್ಮಗಳ ಶಾಲೆಗೆ ಹೋಗಿ, ಹಿಂದೆ ಪೋಷಕರ ಸಾಲಿನಲ್ಲಿ ನಿಂತು ಧ್ವಜ ನೋಡಿ ಬರುತ್ತಿದ್ದರು.

ಕಟ್ಟೆಯ ಮೇಲಿನ ಥಂಡಿ ಎದೆಗಿಳಿಯಲು ಕೆಲವು ವರ್ಷ ಬೇಕಾಯಿತು. ಕೆಮ್ಮು ಬಂತು, ಹೋಗಲಿಲ್ಲ. ಒಳಗೆ ಬಂದು ಮಲಗಿರೆಂದು ಬೇಡಿಕೊಂಡೆ. ಅಷ್ಟರಲ್ಲಿ ಓಣಿಯವರ ಮಾತೂ ಸತ್ತಿತ್ತು. “ರೂಢಿ ಆಗೈತಿ ಬಿಡವಾ,” ಎಂದರು. ಕೊನೆಗೆ ದವಾಖಾನೆಗೆ ಸೇರಿಸಿದಾಗ ಎದೆಯ ಎರಡೂ ಕಡೆ ನೀರು ತುಂಬಿತ್ತು. ಒಂದು ವಾರ ಇದ್ದರು. ಕಡೆಯ ಮಧ್ಯಾಹ್ನ ಕಣ್ಣು ತೆರೆದು, ಮಗಳ ಪರೀಕ್ಷೆ ಮುಗಿಯಿತೇ ಎಂದು ಕೇಳಿದರು. ಮುಗಿಯಿತು ಎಂದೆ. ಮುಗಿದಿರಲಿಲ್ಲ.

ಮಗನಿಗೆ ಹೇಳಿಕಳಿಸಬೇಕಾಯಿತು. ಹೇಳದಿದ್ದರೆ ಅದೂ ನನ್ನ ಮೇಲೆಯೇ ಬರುತ್ತಿತ್ತು. ಅವನು ಒಬ್ಬನೇ ಬರಲಿಲ್ಲ. ಬೈಕುಗಳು, ಹೂವಿನ ಗಾಡಿ, ಡಾಲ್ಬಿ ಸ್ಪೀಕರು. ಇಷ್ಟು ವರ್ಷ ಅಪ್ಪ ಬದುಕಿದ್ದಾನೋ ಸತ್ತಿದ್ದಾನೋ ಎಂದು ಕೇಳದವನು ನನ್ನ ಬಾಗಿಲಲ್ಲಿ ನಿಂತು ಗೋಳೋ ಎಂದು ಅತ್ತ. ಸುಳ್ಳೇ ಅತ್ತ ಎಂದು ಹೇಳಲಾರೆ. ಅಪ್ಪ ಸತ್ತದ್ದಕ್ಕೆ ಅತ್ತಿರಬಹುದು. ಮಣ್ಣು ಮಾಡಲು ಮಾವನ ಹುಟ್ಟೂರಾದ ಮೇಡ್ಲೇರಿಗೆ ಒಯ್ದರು. ದಾರಿಯುದ್ದಕ್ಕೂ ಮೆರವಣಿಗೆ. ನಾನೂ ಮಗಳೂ ಬಸ್ಸಿನಲ್ಲಿ ಹೋದೆವು.

ಹೊಳೆಯ ಕಡೆಯ ಹೊಲದಲ್ಲಿ ಗುಂಡಿ ತೋಡಿದ್ದರು. ಮೈಕು ಹಚ್ಚಿದ್ದರು. ನನ್ನ ಅಣ್ಣನೂ ಇದ್ದ, ನೀರಿನ ಬಾಟಲಿ ಹಂಚುತ್ತಿದ್ದ. ಮಗ ಮೈಕು ಹಿಡಿದು, ಅಪ್ಪ ಒಬ್ಬನೇ ತೆವಳಿ ಹೋಗಿ ಕಂದಕ ಖಾಲಿ ಮಾಡಿದ ಕಥೆ ಮತ್ತೆ ಹೇಳಿದ. ಈ ಸಲ ಹಿತ್ತಲಿಗೆ ಎದ್ದು ಹೋಗುವವರೂ ಇರಲಿಲ್ಲ. ಮುಪ್ಪಾದ ಇಬ್ಬರು ನಿವೃತ್ತ ಸೈನಿಕರು ರಾಣೆಬೆನ್ನೂರಿನಿಂದ ಬಂದಿದ್ದರು, ಎದೆಯ ಮೇಲೆ ಪದಕ ಹಚ್ಚಿಕೊಂಡು. ಕಥೆ ಕೇಳುವಾಗ ಒಬ್ಬರು ಇನ್ನೊಬ್ಬರ ಮುಖ ನೋಡಿದರು. ಆಮೇಲೆ ಇಬ್ಬರೂ ನೆಲ ನೋಡಿದರು. ಅವರಿಗೆ ಗೊತ್ತಿತ್ತು. ಅವರೂ ಸುಮ್ಮನಿದ್ದರು. ಸೆಲ್ಯೂಟು ಹೊಡೆದು ಬಸ್ಸು ಹಿಡಿದು ಹೋದರು. ನಾನು ಹೆಂಗಸರ ಗುಂಪಿನ ಹಿಂದೆ ನಿಂತಿದ್ದೆ. ಮಗಳು ನನ್ನ ಕೈ ಹಿಸುಕಿ, “ಅವ್ವಾ, ಅದು ಸುಳ್ಳು, ಹೋಗಿ ಹೇಳು,” ಎಂದಳು. ಹೋಗಲು ಕಾಲು ಎತ್ತಿದೆ. ಮೈಕಿನ ಸುತ್ತ ಇದ್ದ ಮುಖಗಳನ್ನು ನೋಡಿ ನಿಂತೆ.

ಹದಿನೈದು ದಿನ ಕಳೆಯುವುದರೊಳಗೆ ಮನೆ ಮಾಲಕರ ಹೆಂಡತಿ ಬಂದು ಕೂತಳು. ಚಹಾ ಕುಡಿದಳು. ಮಾವನ ಒಳ್ಳೆಯತನ ನೆನೆಸಿ ಕಣ್ಣೊರೆಸಿಕೊಂಡಳು. ಆಮೇಲೆ ಹೇಳಿದಳು, “ತಪ್ಪ ತಿಳ್ಕೋಬ್ಯಾಡ್ರಿ. ಅಜ್ಜಾರು ಇದ್ದಾಗಿನ ಮಾತು ಬ್ಯಾರೆ. ಈಗ ಗಂಡಸರು ಯಾರೂ ಇಲ್ಲದ ಮನಿ ಆತು. ಹಿಂತಾದ್ದಕ್ಕ ಕೊಡೂದು ಬ್ಯಾಡ ಅಂತಾರ್ರಿ ನಮ್ಮ ಮನಿಯವ್ರು. ಮುಂದಿನ ತಿಂಗಳ ಬ್ಯಾರೆ ಮನಿ ನೋಡ್ಕೋರಿ.”

ಆ ಮನುಷ್ಯ ಒಳಗಿದ್ದಾನೆ ಎಂದು ಬಾಯಿಗೆ ಬಂದದ್ದು ಆಡಿದ್ದು ಇದೇ ಓಣಿ. ಈಗ ಅವನಿಲ್ಲ ಎಂದು ನಮ್ಮನ್ನು ಎಬ್ಬಿಸಿದ್ದೂ ಇದೇ ಓಣಿ. ನಾನು ಆಕೆಯ ಜೊತೆ ಜಗಳವಾಡಲಿಲ್ಲ. ಖಾಲಿ ಕಪ್ಪು ತೆಗೆದುಕೊಂಡು ಒಳಗೆ ಹೋದೆ.

ನಾಲ್ಕು ಮನೆ ನೋಡಿದೆವು. ಎಲ್ಲ ಕಡೆಯೂ ಮೊದಲ ಪ್ರಶ್ನೆ ಒಂದೇ, ಮನಿಯಾಗ ಗಂಡಸರು ಯಾರದಾರ? ಐದನೆಯದು ಸ್ಟೇಷನ್ನಿನ ಕಡೆಗೆ, ಮಹಡಿಯ ಮೇಲಿನ ಒಂದೂವರೆ ಖೋಲಿ. ಒಡತಿ ಒಬ್ಬಳೇ ಇರುವ ಮುದುಕಿ, ಕಿವಿ ಮಂದ. ನನ್ನನ್ನೂ ಮಗಳನ್ನೂ ಮೇಲಿಂದ ಕೆಳಗೆ ನೋಡಿ, “ನೀರು ದಿನಾ ಬಿಟ್ಟು ದಿನಾ ಬರ್ತೈತಿ. ಮ್ಯಾಲಕ್ಕ ಹೊರಬೇಕು. ನಡೀತೈತೇನ?” ಎಂದು ಕೇಳಿದಳು.

ನಡೆಯುತ್ತದೆ ಎಂದು ಗಟ್ಟಿಯಾಗಿ ಕೂಗಿ ಹೇಳಿದೆ.